ಕೃಷಿ ಹೊಂಡದ ಪಾಚಿ: ಔಷಧಿ ಹಾಕುವ ಮುನ್ನ

ಕೃಷಿ ಹೊಂಡದಲ್ಲಿ ಮೀನು ಬಿಟ್ಟಿರುವ ರೈತ ಬಾಂಧವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: "ನೀರು ಹಸಿರಾಗಿದೆ, ಪಾಚಿ ಕಟ್ಟಿದೆ, ಯಾವ ಔಷಧಿ ಹಾಕಬೇಕು?" ಕಿರುತೆರೆಯ ಮಾತುಕತೆಯಲ್ಲಿ ಸಿಗುವ ಐದಾರು ನಿಮಿಷಗಳಲ್ಲಿ ಇದಕ್ಕೆ ಪೂರ್ಣ ಉತ್ತರ ಕೊಡುವುದು ಕಷ್ಟ. ಒಂದು ಔಷಧಿಯ ಹೆಸರು ಹೇಳಿ ಮುಗಿಸಿಬಿಟ್ಟರಂತೂ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಹೊಂಡದ ಪಾಚಿಯನ್ನೆಲ್ಲ ಒಂದೇ ದಿನ ಕೊಂದರೆ, ಒಂದೆರಡು ದಿನಗಳಲ್ಲೇ ಮೀನುಗಳೂ ಸತ್ತು ತೇಲುವ ಸಂಭವವಿದೆ. ಹಾಗೇಕೆ ಆಗುತ್ತದೆ ಎಂಬುದು ತಿಳಿದರೆ ಉಳಿದ ಉಪಾಯಗಳನ್ನು ನೀವೇ ಅರ್ಧದಷ್ಟು ಊಹಿಸಬಲ್ಲಿರಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದರೆ ಹೊರಗಿನವರಿಗೆ ನೀರಿನ ಸೀಮೆ. ಲಕ್ಷ್ಮಣತೀರ್ಥ, ಕಾವೇರಿ, ಕಬಿನಿ ಹೊಳೆಗಳಿವೆ. ಹನಗೋಡು ಅಣೆಕಟ್ಟೆ, ಹಾರಂಗಿ ನಾಲೆ, ಚಾಮರಾಜ ನಾಲೆಗಳಿವೆ. ಕೋಟೆಯ ಕಡೆ ತಾರಕ, ಹೆಬ್ಬಳ್ಳ, ನುಗು ಜಲಾಶಯಗಳಿವೆ. ಆದರೆ ನಾಲೆ ಹತ್ತದ ಮೇಲುಭಾಗದ ಹೊಲಗಳಿಗೆ ಇವಾವುವೂ ಇಲ್ಲ. ಅಲ್ಲಿ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದಲ್ಲಿ ಪಾಲಿಥೀನ್ ಹಾಳೆ ಹಾಸಿದ ಹೊಂಡಗಳು ಹೆಚ್ಚಿದವು. ನೀರು ನಿಂತಮೇಲೆ ನಾಲ್ಕು ಮೀನು ಬಿಡೋಣವೆಂಬ ಆಸೆ ಯಾರಿಗಾದರೂ ಸಹಜ. ಆಸೆಯ ಹಿಂದೆಯೇ ಹಾವಸೆಯೂ ಬರುತ್ತದೆ.

ಹೊಂಡವನ್ನು ಹೊಲದ ತಗ್ಗಿನ ಮೂಲೆಯಲ್ಲಿ ತೋಡುವುದು ರೂಢಿ. ನೀರು ಬರಬೇಕಾದ್ದು ಅಲ್ಲಿಗೇ ತಾನೆ? ಆದರೆ ನೀರು ಬರಿಗೈಯಲ್ಲಿ ಬರುವುದಿಲ್ಲ. ಈ ಸೀಮೆಯ ಶುಂಠಿ ಹೊಲವನ್ನೇ ನೋಡಿ. ಶುಂಠಿಯ ಗಡ್ಡೆ ಕೊಳೆಯಬಾರದೆಂದು ಮಡಿಗಳ ನಡುವೆ ಆಳವಾದ ಬಸಿಗಾಲುವೆ ತೆಗೆದಿರುತ್ತಾರೆ. ಬೆಳೆಗೆ ಕೋಳಿಗೊಬ್ಬರ, ಕೊಟ್ಟಿಗೆ ಗೊಬ್ಬರ, ರಾಸಾಯನಿಕ ಗೊಬ್ಬರ ಎಲ್ಲವೂ ಧಾರಾಳ. ಒಂದು ಜೋರು ಮಳೆ ಬಂತೆಂದರೆ ಮಡಿಯ ಮೇಲಿನ ಮಣ್ಣೂ ಗೊಬ್ಬರದ ಸಾರವೂ ಬಸಿಗಾಲುವೆ ಹಿಡಿದು ನೆಟ್ಟಗೆ ಹೊಂಡಕ್ಕಿಳಿಯುತ್ತವೆ. ಬೆಳೆಗೆಂದು ದುಡ್ಡು ಕೊಟ್ಟು ತಂದದ್ದು ಪಾಚಿಗೆ ಊಟವಾಗುತ್ತದೆ.

ಎಷ್ಟು ಊಟ ಬೇಕು? ಲೆಕ್ಕ ಹಾಕೋಣ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ, ಬದಿಗಳು ಇಳಿಜಾರಾಗಿದ್ದರೆ, ಸುಮಾರು 10 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ 0.1 ಮಿಲಿಗ್ರಾಂ ರಂಜಕ ಇದ್ದರೆ ನೀರು ದಟ್ಟ ಹಸಿರಾಗಲು ಸಾಕು. ಅಂದರೆ ಇಡೀ ಹೊಂಡಕ್ಕೆ 100 ಗ್ರಾಂ ರಂಜಕ. ಡಿಎಪಿ ಗೊಬ್ಬರದ ತೂಕದಲ್ಲಿ ಐದನೇ ಒಂದು ಭಾಗ ಶುದ್ಧ ರಂಜಕ. ಹಾಗಾಗಿ ಅರ್ಧ ಕಿಲೋ ಡಿಎಪಿ ಕರಗಿ ಬಂದರೆ ಹೊಂಡ ಹಸಿರು! ಒಂದು 50 ಕಿಲೋ ಚೀಲದಲ್ಲಿ ಇಂಥ ನೂರು ಹೊಂಡಗಳಿಗೆ ಆಗುವಷ್ಟಿದೆ.

ಸಾರಜನಕದ ಪಾತ್ರವೂ ಇದೆ, ಆದರೆ ಸಿಹಿನೀರಿನಲ್ಲಿ ಬೀಗದಕೈ ಬಹುಮಟ್ಟಿಗೆ ರಂಜಕದ ಬಳಿಯೇ ಇರುತ್ತದೆ. ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು '226' ಎಂಬ ಸಂಖ್ಯೆಯ ಒಂದು ಸರೋವರದ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕ ಸೇರಿಸಿದರು; ರಂಜಕವನ್ನು ಮಾತ್ರ ಒಂದು ಭಾಗಕ್ಕಷ್ಟೇ ಸೇರಿಸಿದರು. ರಂಜಕ ಬಿದ್ದ ಭಾಗ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಪೇಟೆಯ ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವವರ ಪಾಡೂ ಇದೇ. ಮಕ್ಕಳು ಅಕ್ಕರೆಯಿಂದ ಹಾಕಿದ ಹೆಚ್ಚಿನ ತಿಂಡಿ ತಳದಲ್ಲಿ ಕೊಳೆತು ಗಾಜಿಗೆಲ್ಲ ಪಾಚಿ ಹಿಡಿಯುತ್ತದೆ. ಸಮುದ್ರದ ಉಪ್ಪುನೀರಿನ ತೊಟ್ಟಿ ಇಟ್ಟವರೂ ಹೋರಾಡುವುದು ಈ ಉಳಿದ ಊಟದೊಡನೆಯೇ.

ಇನ್ನು ಮೀನು ಸಾಯುವ ವಿಷಯ. ಪಾಚಿಯೂ ಒಂದು ಸಸ್ಯವೇ. ಹಗಲಿನಲ್ಲಿ ಬಿಸಿಲು ಕುಡಿದು ನೀರಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಬಿಸಿಲಿಲ್ಲ, ಉಸಿರಾಟ ಮಾತ್ರ ಇದೆ. ಆಗ ಮೀನು, ಪಾಚಿ, ತಳದ ಕೊಳೆ ಎಲ್ಲವೂ ಹಗಲಿನ ಉಳಿತಾಯವನ್ನೇ ಖರ್ಚು ಮಾಡುತ್ತವೆ. ಕೋಳಿ ಕೂಗುವ ಹೊತ್ತಿಗೆ ಆ ಉಳಿತಾಯ ತೀರಾ ಕಡಿಮೆಯಾಗಿರುತ್ತದೆ. ಕಾಟ್ಲಾ, ರೋಹು ಮೀನುಗಳಿಗೆ ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಹಾಯಾಗಿರುತ್ತದೆ. 3ಕ್ಕಿಂತ ಕೆಳಗಿಳಿದರೆ ಸಂಕಟ. ಮೂರು ದಿನ ಸತತವಾಗಿ ಮೋಡ ಮುಚ್ಚಿದ್ದರೆ ಹಗಲಿನ ಗಳಿಕೆಯೂ ಇಲ್ಲ. ಔಷಧಿ ಹಾಕಿ ಪಾಚಿಯನ್ನು ಕೊಂದಾಗಲೂ ಅದೇ ಕಥೆ: ಆಮ್ಲಜನಕ ಕೊಡುತ್ತಿದ್ದುದು ಸತ್ತಿತು, ಸತ್ತದ್ದು ಕೊಳೆಯುವಾಗ ಇದ್ದ ಆಮ್ಲಜನಕವನ್ನೂ ನುಂಗಿತು.

ಇಲ್ಲೊಂದು ಮಾತು ಹೇಳಲೇಬೇಕು. ಬೆಳಗಾಗೆದ್ದು ನೋಡುವಾಗ ಕಿಲೋ ತೂಗುವ ಕಾಟ್ಲಾಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದರೆ ಮನೆಯವರ ಬಾಯಲ್ಲಿ ಮೊದಲು ಬರುವುದು "ಯಾರೋ ವಿಷ ಹಾಕಿದರು" ಎಂಬ ಮಾತು. ಬದುವಿನ ಹಳೆಯ ಜಗಳ ನೆನಪಾಗುತ್ತದೆ, ಪಕ್ಕದ ಹೊಲದವರ ಮೇಲೆ ಅನುಮಾನ ಹುಟ್ಟುತ್ತದೆ. ದಯವಿಟ್ಟು ಸ್ವಲ್ಪ ತಾಳಿ. ಸತ್ತಿರುವುದು ಹೆಚ್ಚಾಗಿ ದೊಡ್ಡ ಮೀನುಗಳೇ? ಸಣ್ಣವು ಇನ್ನೂ ಬದುಕಿ ಮೇಲ್ಮಟ್ಟದಲ್ಲಿ ಬಾಯಿ ಬಡಿಯುತ್ತಿವೆಯೇ? ಸಾವು ಬೆಳಗಿನ ಜಾವ ಆಯಿತೇ? ಹಿಂದಿನ ದಿನ ಮೋಡವಿತ್ತೇ? ಹೌದೆಂದಾದರೆ ಅದು ಉಸಿರುಕಟ್ಟಿದ ಸಾವು. ಆಮ್ಲಜನಕ ಕಡಿಮೆಯಾದಾಗ ದೊಡ್ಡ ಮೀನೇ ಮೊದಲು ಸೋಲುತ್ತದೆ. ಕೀಟನಾಶಕದಂಥ ವಿಷವಾದರೆ ಸಾಮಾನ್ಯವಾಗಿ ಮರಿಗಳು ಮೊದಲು ಸಾಯುತ್ತವೆ. ಹೊತ್ತುಗೊತ್ತಿನ ನಿಯಮವೂ ಇರುವುದಿಲ್ಲ.

ಮೀನು ಬಾಯಿ ಬಡಿಯುತ್ತಿರುವಾಗಲೇ ಕಂಡರೆ ಉಳಿಸಿಕೊಳ್ಳಬಹುದು. ಪಂಪು ಹಾಕಿ ಹೊಂಡದ ನೀರನ್ನೇ ಎತ್ತಿ ಮೇಲಿನಿಂದ ಚಿಮ್ಮಿ ಬೀಳುವಂತೆ ಮಾಡಿ. ಕೊಳವೆ ಬಾವಿಯ ನೀರಾದರೆ ನೇರವಾಗಿ ಕೊಳವೆಯನ್ನು ಮುಳುಗಿಸಬೇಡಿ. ನೆಲದೊಳಗಿನ ನೀರಿನಲ್ಲೂ ಆಮ್ಲಜನಕ ಕಡಿಮೆಯೇ, ಕಲ್ಲಿನ ಮೇಲೋ ತಗಡಿನ ಮೇಲೋ ಬಿದ್ದು ಚದುರಿ ಇಳಿಯಲಿ. ಆ ಹೊತ್ತಿನಲ್ಲಿ ಕರೆಂಟು ಇರುತ್ತದೆಂಬ ಭರವಸೆ ನಮ್ಮ ಹಳ್ಳಿಗಳಲ್ಲಿ ಯಾರಿಗಿದೆ? ಡೀಸೆಲ್ ಪಂಪು ಇಲ್ಲದವರು ಬಿದಿರ ಗಳದಿಂದ ಮೇಲ್ನೀರನ್ನು ಬಡಿಯಬೇಕು, ಬಿಂದಿಗೆಯಲ್ಲಿ ಎತ್ತಿ ಹೊಯ್ಯಬೇಕು. ತಳದ ಕೆಸರನ್ನು ಮಾತ್ರ ಕದಡಬಾರದು. ಅಂದು, ಮರುದಿನ ತಿಂಡಿ ಹಾಕಬೇಡಿ.

ಹಸಿರು ಎಷ್ಟಿದ್ದರೆ ಚೆನ್ನು ಎಂದು ನೋಡಲು ಉಪಕರಣ ಬೇಡ. ಬಿಸಿಲಿರುವಾಗ ಕೈಯನ್ನು ನೇರವಾಗಿ ನೀರಿನಲ್ಲಿ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಸರಿ. ಅಷ್ಟು ಹಸಿರು ಮೀನಿಗೆ ಆಹಾರವೇ. ಒಂದು ಗೇಣು ಇಳಿಸುವಷ್ಟರಲ್ಲೇ ಅಂಗೈ ಮಾಯವಾದರೆ ಅಪಾಯ ಹತ್ತಿರವಿದೆ. ಪಾಚಿಯೆಲ್ಲ ಶತ್ರುವಲ್ಲ ಎಂಬುದು ಕೆ.ಆರ್. ನಗರದ ಭತ್ತದ ರೈತರಿಗೆ ಗೊತ್ತಿರಬೇಕು: ಗದ್ದೆಯ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಕೊಡುತ್ತದೆಂದು ನಮ್ಮವರೇ ಆದ ಪಿ.ಕೆ. ಡೇ 1939ರಲ್ಲೇ ತೋರಿಸಿದ್ದರು.

ಮೈಲುತುತ್ತದ ವಿಚಾರಕ್ಕೆ ಬರೋಣ, ಏಕೆಂದರೆ ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ಅದೇ. ಅದು ಪಾಚಿಯನ್ನು ಕೊಲ್ಲುತ್ತದೆ, ನಿಜ. ಆದರೆ ಅದರ ವಿಷ ಎಷ್ಟು ತೀವ್ರ ಎಂಬುದು ನೀರಿನ ಗುಣವನ್ನು ಅವಲಂಬಿಸಿದೆ. ಗಡಸು ನೀರಿನಲ್ಲಿ ಮೀನು ತಡೆದುಕೊಳ್ಳುವ ಪ್ರಮಾಣವೇ ಮೃದು ನೀರಿನಲ್ಲಿ ಮೀನನ್ನು ಕೊಲ್ಲಬಹುದು. ಹಾಳೆ ಹಾಸಿದ ಹೊಂಡದಲ್ಲಿ ನಿಂತಿರುವುದು ಮಳೆನೀರು, ಅಂದರೆ ಮೃದು ನೀರು. ಕೊಳವೆ ಬಾವಿಯ ನೀರು ತುಂಬಿದ ನೆರೆಯವರು "ನಾವು ಹಾಕಿದೆವು, ಏನೂ ಆಗಲಿಲ್ಲ" ಎಂದರೆ ಅದು ನಿಮಗೆ ಅನ್ವಯಿಸುವುದಿಲ್ಲ. ಅಲ್ಲದೆ ತಾಮ್ರ ಕರಗಿ ಹೋಗುವ ವಸ್ತುವಲ್ಲ, ತಳದ ಕೆಸರಿನಲ್ಲಿ ಕೂಡುತ್ತಾ ಹೋಗುತ್ತದೆ. ಮೀನಿರುವ ಹೊಂಡಕ್ಕೆ ಅದು ಬೇಡವೆಂದೇ ನನ್ನ ಸಲಹೆ. ಸುಣ್ಣವನ್ನೂ ಕುರುಡಾಗಿ ಎರಚಬಾರದು. ದಟ್ಟ ಹಸಿರು ನೀರು ಮಧ್ಯಾಹ್ನದ ವೇಳೆಗೆ ತಾನಾಗಿಯೇ ಕ್ಷಾರವಾಗಿರುತ್ತದೆ. ಅದರ ಮೇಲೆ ಸುಟ್ಟ ಸುಣ್ಣ ಬಿದ್ದರೆ ನೀರಿನ ಅಮೋನಿಯಾ ಮೀನಿಗೆ ಇನ್ನಷ್ಟು ವಿಷವಾಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಬರುವ ಊಟವನ್ನು ಬಾಗಿಲಲ್ಲೇ ತಡೆಯುವುದು. ರಂಜಕ ಬಹುಪಾಲು ಮಣ್ಣಿನ ಕಣಕ್ಕೆ ಅಂಟಿಕೊಂಡೇ ಬರುತ್ತದೆ. ಆದ್ದರಿಂದ ಹೊಂಡದ ಬಾಯಿಗೆ ಮೊದಲು ಒಂದು ಸಣ್ಣ ಹೂಳುಗುಂಡಿ ತೋಡಿ, ಅದರ ಮುಂದೆ ನಾಲ್ಕಾರು ಅಡಿ ಅಗಲಕ್ಕೆ ಹುಲ್ಲು ಬೆಳೆಸಿ. ಪ್ರತಿ ದೊಡ್ಡ ಮಳೆಯ ನಂತರ ಗುಂಡಿಯ ಹೂಳನ್ನು ಎತ್ತಿ ಹೊಲಕ್ಕೆ ಹಾಕಿ. ಮೇಲುಗೊಬ್ಬರ ಕೊಟ್ಟ ಮೇಲೆ ಬರುವ ಮೊದಲ ಮಳೆಯ ನೀರನ್ನು, ಹೊಂಡದಲ್ಲಿ ಸಾಕಷ್ಟು ನೀರಿದ್ದರೆ, ಪಕ್ಕಕ್ಕೆ ತಿರುಗಿಸಿಬಿಡಿ. ತಿಪ್ಪೆ ಹೊಂಡದ ಮೇಲ್ಭಾಗದಲ್ಲಿದ್ದರೆ ಅದನ್ನು ಬೇರೆಡೆಗೆ ಸರಿಸಿ.

ಮೀನಿನ ತಿಂಡಿಯಲ್ಲೂ ಹಿಡಿತ ಬೇಕು. ತಿಂಡಿಯ ಸಾರಜನಕದಲ್ಲಿ ಮೀನಿನ ಮೈಗೆ ಹತ್ತುವುದು ಕಾಲುಭಾಗಕ್ಕಿಂತ ತುಸು ಹೆಚ್ಚು, ಉಳಿದದ್ದು ನೀರಿಗೇ ಸೇರುತ್ತದೆ. ತೌಡು, ಕಡಲೆಕಾಯಿ ಹಿಂಡಿಯನ್ನು ಎರಚುವ ಬದಲು ತೂತು ಮಾಡಿದ ಚೀಲದಲ್ಲಿ ಕಟ್ಟಿ ಇಳಿಬಿಡಿ; ಎರಡು ಗಂಟೆಯ ನಂತರವೂ ಉಳಿದಿದ್ದರೆ ಮಾರನೆಯ ದಿನ ಕಡಿಮೆ ಮಾಡಿ. ಮೇಲೆ ಹೇಳಿದ ಅಳತೆಯ ಹೊಂಡಕ್ಕೆ 200ರಿಂದ 300 ಮರಿ ಸಾಕು. ಸಾವಿರ ಬಿಟ್ಟರೆ ಸಾವಿರ ಸಿಗುತ್ತದೆಂಬ ಲೆಕ್ಕ ನೀರಿನಲ್ಲಿ ನಡೆಯುವುದಿಲ್ಲ.

ಕೂದಲಿನಂತೆ ಎಳೆ ಎಳೆಯಾಗಿ ತೇಲುವ ಪಾಚಿಯಾದರೆ ಕೈಯಿಂದ ತೆಗೆಯುವುದೇ ಉತ್ತಮ. ಇಬ್ಬರು ಎರಡು ದಡದಲ್ಲಿ ನಿಂತು ತೆಂಗಿನ ನಾರಿನ ಹಗ್ಗವನ್ನು ಎಳೆದರೆ ಒಂದು ಮೂಲೆಗೆ ಬಂದು ಸೇರುತ್ತದೆ. ಹನಿ ನೀರಾವರಿ ಇದ್ದವರಿಗೆ ಈ ಕೆಲಸ ತಪ್ಪಿದ್ದಲ್ಲ, ಇಲ್ಲವಾದರೆ ಫಿಲ್ಟರು ದಿನಕ್ಕೆರಡು ಸಲ ಕಟ್ಟುತ್ತದೆ. ತೆಗೆದದ್ದನ್ನು ದಡದಲ್ಲೇ ಬಿಟ್ಟರೆ ಮುಂದಿನ ಮಳೆಗೆ ಅದರ ಸಾರವೆಲ್ಲ ವಾಪಸು, ತಿಪ್ಪೆಗೆ ಹಾಕಿ. 1959ರಲ್ಲಿ ಭಾರತಕ್ಕೆ ತಂದ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳನ್ನು ಬಿಟ್ಟರೆ ಪಾಚಿ ತಿಂದು ಮುಗಿಸುತ್ತವೆಂದು ಕೆಲವರು ಹೇಳುವುದುಂಟು. ಅಷ್ಟು ಸುಲಭವಲ್ಲ. ಬೆಳ್ಳಿಗೆಂಡೆ ನೀರನ್ನು ಸೋಸಿ ತಿನ್ನುವ ಮೀನು, ಎಳೆಪಾಚಿಯನ್ನು ಮುಟ್ಟುವುದಿಲ್ಲ. ಹುಲ್ಲುಗೆಂಡೆಗೆ ಮೆತ್ತನೆಯ ಜಲಸಸ್ಯವೇ ಇಷ್ಟ. ಜೊತೆಗಿರಲಿ, ಅವನ್ನೇ ನಂಬಬೇಡಿ.

ಮೂರನೆಯದೊಂದು ಬಗೆಯಿದೆ, ಅದರ ಬಗ್ಗೆ ಎಚ್ಚರ. ಬೇಸಿಗೆಯಲ್ಲಿ ಹಸಿರು ಬಣ್ಣ ಕದಡಿ ಸುರಿದಂತೆ ಕೆನೆ ಕಟ್ಟಿ, ಗಾಳಿ ಬೀಸಿದ ಕಡೆಯ ದಡಕ್ಕೆ ಬಂದು ನಿಲ್ಲುತ್ತದೆ. ಒಂದು ಕಡ್ಡಿಯಿಂದ ಎತ್ತಿ ನೋಡಿ. ಎಳೆಯಾಗಿ ನೇತಾಡಿದರೆ ಎಳೆಪಾಚಿ. ಕಡ್ಡಿಗೆ ಬಣ್ಣದಂತೆ ಮೆತ್ತಿಕೊಂಡರೆ ಅದು ವಿಷದ ನೀಲಿ-ಹಸಿರು ಪಾಚಿ ಇರಬಹುದು. ಇದರ ವಿಷ ಯಕೃತ್ತಿಗೆ ಹೊಡೆಯುತ್ತದೆ, ನೀರು ಕುದಿಸಿದರೂ ಹೋಗುವುದಿಲ್ಲ. ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂಥ ಕೆನೆ ಕುಡಿದು ದನ, ಕುರಿಗಳು ಸತ್ತುದನ್ನು ಜಾರ್ಜ್ ಫ್ರಾನ್ಸಿಸ್ 1878ರಲ್ಲೇ ವರದಿ ಮಾಡಿದ್ದರು. ಕೆರೆಯಲ್ಲಾಗಲಿ ಹೊಂಡದಲ್ಲಾಗಲಿ ಹೀಗೆ ಕಂಡರೆ ಜಾನುವಾರುಗಳನ್ನು ಅತ್ತ ಬಿಡಬೇಡಿ, ಮಕ್ಕಳನ್ನು ಈಜಲು ಬಿಡಬೇಡಿ. ಕುಡಿದ ದನ ಮಂಕಾದರೆ ಕೂಡಲೇ ಪಶುವೈದ್ಯರನ್ನು ಕರೆಸಿ, ಕೆನೆಯ ವಿಷಯ ಮರೆಯದೆ ಹೇಳಿ.

ತಳದಲ್ಲಿ ಕೂತ ಹೂಳು ಪಾಚಿಯ ಗುಪ್ತ ಉಗ್ರಾಣ. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರಿನವರು ಗಾಡಿ ಕಟ್ಟಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಹೊಲ ಕಳೆದುಕೊಂಡದ್ದು ಹೊಲಕ್ಕೆ ಮರಳುತ್ತಿತ್ತು, ಕೆರೆಯೂ ಹಗುರಾಗುತ್ತಿತ್ತು. ಹೊಂಡಕ್ಕೂ ಅದೇ ಆಗಬೇಕು. ಏಪ್ರಿಲ್ ಹೊತ್ತಿಗೆ ಮೀನು ಹಿಡಿದು, ಉಳಿದ ನೀರನ್ನು ಗಿಡಗಳಿಗೆ ಬಿಟ್ಟು, ಹೂಳು ಅರೆ ಒಣಗಿದಾಗ ಎತ್ತಿ. ಗುದ್ದಲಿ, ಸನಿಕೆ ಹಾಳೆಯನ್ನು ಸೀಳುತ್ತವೆ. ಮರದ ಹಲಗೆಯಿಂದ ಗುಡ್ಡೆ ಮಾಡಿ, ಬರಿಗಾಲಲ್ಲಿ ಇಳಿದು ಬುಟ್ಟಿಯಲ್ಲಿ ಹೊರುವುದೇ ಕ್ಷೇಮ.