ಒಂದು ಚುಚ್ಚುಮದ್ದು, ಐದು ದಾರಿ

ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದ ಬಂಧುವೊಬ್ಬರನ್ನು ಕಾಣಲು ಹೋದಾಗ, ಶುಶ್ರೂಷಕಿಯೊಬ್ಬರು ಅವರಿಗೆ ಚುಚ್ಚುಮದ್ದು ಕೊಟ್ಟು ಮುಗಿಸಿದ ತರುವಾಯ ಮಾಡಿದ ಕೆಲಸವು ನನ್ನ ಮನಸ್ಸನ್ನು ಇಂದಿಗೂ ಹಿಡಿದು ನಿಲ್ಲಿಸಿದೆ. ಒಡೆದ ಆಂಪ್ಯೂಲಿನ ಗಾಜು ನೀಲಿ ಗುರುತಿನ ಡಬ್ಬವನ್ನು ಸೇರಿತು. ಕಟರ್‌ನಲ್ಲಿ ತುಂಡಾದ ಸೂಜಿ ಬಿಳಿಯ ಗಟ್ಟಿ ಡಬ್ಬಿಯೊಳಕ್ಕೆ ಬಿತ್ತು. ಸೂಜಿ ಕಳೆದ ಸಿರಿಂಜು ಕೆಂಪು ಚೀಲಕ್ಕೂ, ರಕ್ತ ಒರೆಸಿದ ಹತ್ತಿ ಹಳದಿ ಚೀಲಕ್ಕೂ, ಸಿರಿಂಜಿನ ಹೊದಿಕೆ ಸಾಧಾರಣ ಕಸದ ಬುಟ್ಟಿಗೂ ಹೋದವು. ಅರ್ಧ ನಿಮಿಷವೂ ಹಿಡಿಯದ ಆ ವಿಂಗಡಣೆಯಲ್ಲಿ ಒಂದೇ ಚುಚ್ಚುಮದ್ದು ಐದು ದಾರಿ ಹಿಡಿದುದನ್ನು ಕಂಡ ಮೇಲೆ, ಬೇಲೂರಿಗೆ ಹೊರಡಬೇಕಾಗಿದ್ದ ನಾನು ಬಸ್ಸಿನ ಹೊತ್ತನ್ನು ಮರೆತು, ಆಸ್ಪತ್ರೆಯ ಹಿತ್ತಿಲಿನವರೆಗೆ ಆ ಚೀಲಗಳ ಹಿಂದೆಯೇ ನಡೆದೆನು.

ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳ ಚರಿತ್ರೆಯನ್ನು ವಾಚಕರು ಸ್ಥೂಲವಾಗಿ ಬಲ್ಲರು. 1998ರ ಜುಲೈ ತಿಂಗಳಲ್ಲಿ ಹೊರಟ ಮೊದಲ ನಿಯಮಾವಳಿ ಆಸ್ಪತ್ರೆಯ ಕಸವನ್ನು ಹತ್ತು ವರ್ಗಗಳಾಗಿ ವಿಭಜಿಸಿತ್ತು; 2016ರ ಮಾರ್ಚ್ 28ರಂದು ಅದರ ಸ್ಥಾನಕ್ಕೆ ಬಂದ ಹೊಸ ನಿಯಮಾವಳಿ ಹತ್ತನ್ನು ನಾಲ್ಕು ಬಣ್ಣಗಳಿಗೆ ಇಳಿಸಿ, ಪ್ರತಿಯೊಂದು ಚೀಲಕ್ಕೂ ಬಾರ್‌ಕೋಡ್ ಇರತಕ್ಕದ್ದೆಂದು ವಿಧಿಸಿತು; 2018ರ ತಿದ್ದುಪಡಿ ಆ ಬಾರ್‌ಕೋಡಿನ ಗಡುವನ್ನು 2019ರ ಮಾರ್ಚ್ 27ರವರೆಗೆ ಮುಂದೂಡಿತು.

ನನ್ನ ಕುತೂಹಲವೆಲ್ಲ ನೀಲಿ ಡಬ್ಬದ ಮೇಲೆಯೇ ನೆಟ್ಟಿತ್ತು. 2016ರ ನಿಯಮ ಗಾಜಿಗೆ ವಿಧಿಸಿದ್ದು ನೀಲಿ ಗುರುತಿನ ರಟ್ಟಿನ ಪೆಟ್ಟಿಗೆಯನ್ನು. 2018ರ ತಿದ್ದುಪಡಿ ಅದನ್ನು ತೆಗೆದು, ಚುಚ್ಚಿದರೆ ತೂತಾಗದ, ಒಳಗಿನ ದ್ರವ ಸೋರದ ಪೆಟ್ಟಿಗೆ ಬೇಕೆಂದಿತು. ರಾಜಪತ್ರದಲ್ಲಿ ಕೆಲವೇ ಪದಗಳ ವ್ಯತ್ಯಾಸ. ಆದರೆ ಆಸ್ಪತ್ರೆಯೊಳಗೆ ಅದು ಎಷ್ಟು ಬಾಗಿಲುಗಳನ್ನು ತಟ್ಟುತ್ತದೆ! ಉಗ್ರಾಣದವರು ಹೊಸ ಡಬ್ಬಕ್ಕೆ ಇಂಡೆಂಟ್ ಹಾಕಬೇಕು. ವಾರ್ಡಿನ ಶುಶ್ರೂಷಕಿಯರು ಕೈಗೆ ಹತ್ತಿದ ರೂಢಿಯನ್ನು ಬಿಡಬೇಕು. ಲ್ಯಾಬಿನವರು ತಮ್ಮ ಮೇಜಿನ ಕೆಳಗಣ ಪೆಟ್ಟಿಗೆಯನ್ನು ಬದಲಿಸಬೇಕು. ಕಚೇರಿಯ ಗುಮಾಸ್ತರು ರಿಜಿಸ್ಟರಿನ ಅಂಕಣವನ್ನು ತಿದ್ದಬೇಕು. ಕಸ ಒಯ್ಯುವ ವಾಹನದವನು ಆ ಡಬ್ಬವನ್ನು ಒಪ್ಪಿಕೊಳ್ಳಬೇಕು. ಇವರಲ್ಲಿ ಒಬ್ಬರು ತಡೆದರೂ ಉಳಿದವರ ಶ್ರಮ ವ್ಯರ್ಥ. ನಾನು ಕಂಡ ವಾರ್ಡಿನ ಗೋಡೆಯಲ್ಲಿ ಹೊಸ ಬಣ್ಣಪಟ್ಟಿಯ ಅಂಚಿನ ಕೆಳಗೆ ಹಳೆಯ ಪಟ್ಟಿಯೊಂದು ಇಣುಕುತ್ತಿತ್ತು. ಅಂಟು ಒಣಗಿ ಮೂಲೆ ಸುರುಳಿಯಾಗಿದ್ದ ಆ ಕಾಗದವನ್ನು ಬಹಳ ಹೊತ್ತು ನೋಡುತ್ತ ನಿಂತೆನು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಿಂದ ಜುಲೈವರೆಗಿನ ಅಲ್ಪಾವಧಿಯಲ್ಲೇ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತನ್ನ ಮಾರ್ಗಸೂಚಿಯನ್ನು ಮರಳಿ ಮರಳಿ ಪರಿಷ್ಕರಿಸಿದಾಗ, ಇಂಥ ಗೋಡೆಗಳು ಎಷ್ಟು ಕಾಗದಗಳನ್ನು ಹೊತ್ತಿರಬೇಕು!

ಹಿತ್ತಿಲಿನ ಕೊಠಡಿಯಲ್ಲಿ ಡಿ ಗ್ರೂಪ್ ನೌಕರಳೊಬ್ಬಳು ಚೀಲಗಳನ್ನು ಬಣ್ಣವಾರು ತೂಗಿ, ತೂಕವನ್ನು ಬರೆಸುತ್ತಿದ್ದಳು. ಹಳದಿ ಚೀಲದೊಳಗೆ ಸೂಜಿಯೊಂದು ತಪ್ಪಿ ಸೇರಿದ್ದರೆ ಅದು ತಕ್ಕಡಿಗೆ ತಿಳಿಯುವುದಿಲ್ಲ, ಎತ್ತುವ ಕೈಗೆ ತಿಳಿಯುತ್ತದೆಂದು ಆಕೆ ಹೇಳಿದ ಮಾತಿನಲ್ಲಿ, ಬಾರ್‌ಕೋಡಿನ ಬಗ್ಗೆ ನನಗಿದ್ದ ಸಂಶಯವೆಲ್ಲ ಅಡಕವಾಗಿತ್ತು. ಚೀಲ ಎಲ್ಲಿಂದ ಹೊರಟಿತು, ಎಷ್ಟು ತೂಗಿತು ಎಂಬುದನ್ನು ಯಂತ್ರ ಬಲ್ಲುದು. ಒಳಗೇನಿದೆಯೆಂಬುದನ್ನು ಹಾಸಿಗೆಯ ಪಕ್ಕದಲ್ಲಿ ನಿಂತು ವಿಂಗಡಿಸಿದವರಷ್ಟೇ ಬಲ್ಲರು. ಅವರ ಅಜಾಗರೂಕತೆಗೆ ದಂಡ ತೆರುವವಳು ಇವಳು. ಇಂಥವರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆಯನ್ನು ಹಾಕಿಸಬೇಕೆಂದು ನಿಯಮವೇ ವಿಧಿಸಿರುವುದು ಸುಮ್ಮನೆ ಅಲ್ಲ.

ನಿಯಮ ಮಾಡಿದವರು ಈ ಪರಸ್ಪರಾವಲಂಬನೆಯನ್ನು ಕಾಣದೆ ಹೋಗಲಿಲ್ಲ. 30 ಅಥವಾ ಅದಕ್ಕೂ ಹೆಚ್ಚು ಹಾಸಿಗೆಗಳುಳ್ಳ ಆಸ್ಪತ್ರೆಯಲ್ಲಿ ಸಮಿತಿಯೊಂದು ಆರು ತಿಂಗಳಿಗೊಮ್ಮೆ ಕೂಡತಕ್ಕದ್ದು. ಅದರ ನಡಾವಳಿಯನ್ನು ಜೂನ್ 30ರೊಳಗೆ ಕಳುಹಿಸಬೇಕಾದ ವಾರ್ಷಿಕ ವರದಿಯೊಡನೆ ಲಗತ್ತಿಸತಕ್ಕದ್ದು. ಇದು ಅತ್ಯಂತ ವಿವೇಕದ ವಿಧಿಯೆಂದೇ ನನ್ನ ಭಾವನೆ. ಆದರೆ ಆ ಮೇಜಿನ ಸುತ್ತ ವೈದ್ಯಾಧಿಕಾರಿ, ಶುಶ್ರೂಷಾ ಮೇಲ್ವಿಚಾರಕಿ, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನೀಷಿಯನ್ ಕುಳಿತರೆ ಸಾಲದು. ಚೀಲವನ್ನು ಎತ್ತುವವಳಿಗೂ ಅಲ್ಲಿ ಕುರ್ಚಿ ಬೇಕು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಶಿಲ್ಪಗಳ ಕೆಳಗೆ ಹೆಸರು ಬರೆದಿಟ್ಟಿದ್ದರಿಂದಲ್ಲವೆ, ಇಷ್ಟು ಶತಮಾನಗಳ ಮೇಲೂ ನಾವು ಅವರ ಕೈಯನ್ನು ಗುರುತಿಸುವುದು? ನಡಾವಳಿಯಲ್ಲಿ ಆಕೆಯ ಹೆಸರು, ಆಕೆಯ ದೂರು ಆಕೆಯ ಮಾತಿನಲ್ಲೇ ದಾಖಲಾಗಲಿ.

ಹಳೇಬೀಡಿನ ಕಡೆಯ ಹಳ್ಳಿಗಳಿಗೆ ಹೋದರೆ ಚಿತ್ರ ಬೇರೆ. 30ಕ್ಕಿಂತ ಕಡಿಮೆ ಹಾಸಿಗೆಯ ಸಂಸ್ಥೆಗೆ ಸಮಿತಿಯ ಕಟ್ಟಳೆಯಿಲ್ಲ. ಅರ್ಹರಾದ ಒಬ್ಬರನ್ನು ಹೊಣೆಗಾರರನ್ನಾಗಿ ನೇಮಿಸಿದರೆ ಸಾಕು. ಲಸಿಕಾ ಶಿಬಿರಗಳನ್ನೂ ರಕ್ತದಾನ ಶಿಬಿರಗಳನ್ನೂ 2016ರ ನಿಯಮ ತನ್ನ ತೆಕ್ಕೆಗೆ ತೆಗೆದುಕೊಂಡಿರುವುದರಿಂದ, ಶಾಲೆಯ ಜಗಲಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕಿದ ಆರೋಗ್ಯ ಸಹಾಯಕಿ ಕತ್ತರಿಸಿದ ಸೂಜಿಗಳನ್ನೂ ಸಿರಿಂಜುಗಳನ್ನೂ ಅಲ್ಲೇ ಬಿಟ್ಟು ಬರುವಂತಿಲ್ಲ, ಕೇಂದ್ರಕ್ಕೆ ಹೊತ್ತು ತರಬೇಕು. ಇತ್ತ ಹಳದಿ ಚೀಲದ ರಕ್ತಸಿಕ್ತ ಕಸವನ್ನು 48 ಗಂಟೆಗೂ ಮೀರಿ ಇಟ್ಟುಕೊಳ್ಳಲು ಅನುಮತಿಯಿಲ್ಲ. ಇಡಬೇಕಾಗಿ ಬಂದರೆ ಕಾರಣವನ್ನು ಅಧಿಕಾರಿಗೆ ತಿಳಿಸಬೇಕು. ಆದುದರಿಂದ ಶಿಬಿರದ ದಿನಾಂಕವನ್ನು ಗೊತ್ತುಮಾಡುವವರು, ಕಸದ ವಾಹನ ತಮ್ಮೂರಿಗೆ ಬರುವ ದಿನವನ್ನು ಮೊದಲೇ ಕೇಳಿ ತಿಳಿದಿರಬೇಕು.