ನೆರೆಯೂ ಬರವೂ ವಲಸೆಯೂ

ಪ್ರಶ್ನೆ: ಹವಾಮಾನದ ಬದಲಾವಣೆಗೂ ಜನರ ವಲಸೆಗೂ ಏನು ಸಂಬಂಧ? ದತ್ತವಾಡದಂತಹ ನದೀತೀರದ ಊರಿಗೂ ಇದು ಅನ್ವಯಿಸುವುದೇ?

ಅನ್ವಯಿಸುವುದು. ಉಷ್ಣತೆಯು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯು ಧರಿಸಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ವೃದ್ಧಿಸುತ್ತದೆ. ಅರಬ್ಬೀ ಸಮುದ್ರದಿಂದ ಈ ಅಧಿಕ ಆವಿಯನ್ನು ಹೊತ್ತ ಮಾರುತಗಳು ಸಹ್ಯಾದ್ರಿಗೆ ತಾಗಿದಾಗ, ತಿಂಗಳುದ್ದಕ್ಕೂ ಹದವಾಗಿ ಬೀಳಬೇಕಾದ ಮಳೆಯು ಕೆಲವೇ ದಿನಗಳಲ್ಲಿ ಸುರಿಯುವ ಸಂಭವ ಹೆಚ್ಚುತ್ತದೆ. ಆಗ ದತ್ತವಾಡದ ಬಳಿ ಹರಿಯುವ ದೂಧಗಂಗೆ ಉಕ್ಕುವಳು. ಆದರೆ ಅವಳು ಸೇರಬೇಕಾದ ಕೃಷ್ಣೆಯೂ ತುಂಬಿ ಹರಿಯುತ್ತಿರುವುದರಿಂದ, ಜಾತ್ರೆಯ ದಿನ ಹೆದ್ದಾರಿ ಕಿಕ್ಕಿರಿದಾಗ ಓಣಿಯ ಬಂಡಿಗಳು ಮುಂದೆ ಸಾಗಲಾರದೆ ಸಾಲುಗಟ್ಟಿ ನಿಲ್ಲುವಂತೆ, ನೀರು ಹಿಂದೊತ್ತಿ ಕಬ್ಬಿನ ಗದ್ದೆಗಳಿಗೂ ಮನೆಗಳಿಗೂ ನುಗ್ಗುವುದು. 2005, 2019 ಮತ್ತು 2021ರ ಮಹಾಪೂರಗಳಲ್ಲಿ ದತ್ತವಾಡವಿರುವ ಶಿರೋಳ ತಾಲೂಕಿನ ನದೀತೀರದ ಜನರು ದನಕರುಗಳೊಡನೆ ಊರು ಬಿಟ್ಟು ಎತ್ತರದ ಸ್ಥಳಗಳಲ್ಲಿ ಆಶ್ರಯ ಪಡೆಯಬೇಕಾಯಿತು.

ಅದೇ ತಾಪವು ಮಳೆನೆರಳಿನ ನಾಡಿನಲ್ಲಿ ಮಣ್ಣಿನ ತೇವವನ್ನು ಹೀರಿ ಬರವನ್ನು ತೀಕ್ಷ್ಣಗೊಳಿಸುತ್ತದೆ. ಅಂತಹ ನಾಡಾದ ಬೀಡ ಜಿಲ್ಲೆಯ ಬಡ ಕುಟುಂಬಗಳು ಗಂಡಹೆಂಡಿರ ಜೋಡಿಗೆ ಇಷ್ಟೆಂದು ಮುಂಗಡ ಪಡೆದು, ದೀಪಾವಳಿಯ ಸುಮಾರಿಗೆ ಮಕ್ಕಳನ್ನೂ ಕರೆದುಕೊಂಡು ಕೊಲ್ಹಾಪುರದ ಕಡೆಗೆ ಬಂದು, ಹೊಲದಂಚಿನ ಗುಡಿಸಲಲ್ಲಿ ಬಾಳುತ್ತ ಬೇಸಿಗೆಯವರೆಗೆ ಕಬ್ಬು ಕಡಿಯುತ್ತವೆ. ಸಾಲವೂ ಭೂಹೀನತೆಯೂ ಅವರನ್ನು ಹೊರಡಿಸುವುದು ನಿಜ. ಬರವು ಆ ಒತ್ತಡವನ್ನು ಇಮ್ಮಡಿಸುತ್ತದೆ.

ಹೀಗೆ ಒಂದೇ ತಾಪವು ಒಬ್ಬರನ್ನು ನೀರಿನ ಆಧಿಕ್ಯದಿಂದಲೂ ಮತ್ತೊಬ್ಬರನ್ನು ಅದರ ಅಭಾವದಿಂದಲೂ ಮನೆ ಬಿಡಿಸುತ್ತದೆ. ಆದುದರಿಂದ ನೆರೆಸಂತ್ರಸ್ತರಿಗೆ ಎತ್ತರದಲ್ಲಿ ಶಾಶ್ವತ ನಿವೇಶನವನ್ನೂ, ಕಬ್ಬು ಕಡಿಯುವವರ ಮಕ್ಕಳಿಗೆ ಇಲ್ಲಿಯೇ ಶಾಲೆಯನ್ನೂ ಒದಗಿಸುವುದು ಸಮಾಜದ ಕರ್ತವ್ಯ.