ಕಳರಿಪಯಟ್ಟಿನ ಸಾಧನಾಕ್ರಮ

ಕಳರಿಪಯಟ್ಟಿನ ಸಾಧನಾಕ್ರಮ ಎಂದರೆ ಕೇರಳದ ಪಾರಂಪರಿಕ ಯುದ್ಧಕಲೆಯಾದ ಕಳರಿಪಯಟ್ಟನ್ನು ಹಂತಹಂತವಾಗಿ ಕಲಿಸುವ ಪದ್ಧತಿ. ಒಂದು ಚಲನೆಯ ಹೆಸರನ್ನೂ ಬಾಹ್ಯರೂಪವನ್ನೂ ತಿಳಿದಿರುವುದು ಬೇರೆ, ಅದು ದೇಹಗತವಾಗಿರುವುದು ಬೇರೆ ಎಂಬುದು ಈ ಪದ್ಧತಿಯ ತಳಹದಿ. ಸಾಧನೆಯ ಗುರಿಯನ್ನು ಮಲಯಾಳದ ಒಂದು ನುಡಿಗಟ್ಟು ‘ಮೈ ಕಣ್ಣಾಗುವುದು’ ಎಂದು ವರ್ಣಿಸುತ್ತದೆ. ಇದು ಕನ್ನಡದ ‘ಮೈಯೆಲ್ಲ ಕಣ್ಣಾಗು’ ಎಂಬ ನುಡಿಗೆ ಸಮೀಪವಾದುದು. ಅಪಾಯ ಎದುರಾದಾಗ ಯೋಚಿಸಿ ನಿರ್ಧರಿಸುವ ಮೊದಲೇ ದೇಹವು ತಕ್ಕಂತೆ ಸ್ಪಂದಿಸುವ ಸ್ಥಿತಿಯನ್ನು ಅದು ಸೂಚಿಸುತ್ತದೆ.

ಕಳರಿ

ಅಭ್ಯಾಸ ನಡೆಯುವ ಸ್ಥಳಕ್ಕೆ ಕಳರಿ ಎಂದು ಹೆಸರು. ಉತ್ತರ ಕೇರಳದ ಸಾಂಪ್ರದಾಯಿಕ ಕಳರಿಯನ್ನು ನೆಲವನ್ನು ಅಗೆದು ತಗ್ಗಿಸಿ ನಿರ್ಮಿಸಲಾಗುತ್ತದೆ. ಅದರ ಉದ್ದ 42 ಅಡಿ, ಅಗಲ 21 ಅಡಿ; ಬಾಗಿಲು ಪೂರ್ವಕ್ಕಿರುತ್ತದೆ. ನೈಋತ್ಯ ಮೂಲೆಯಲ್ಲಿ ಏಳು ಮೆಟ್ಟಿಲುಗಳ ‘ಪೂತ್ತರ’ ಎಂಬ ಪೂಜಾಸ್ಥಾನವಿರುತ್ತದೆ. ಗುರುವನ್ನು ‘ಗುರುಕ್ಕಳ್’ ಎಂದು ಕರೆಯುತ್ತಾರೆ. ಏಳರ ವಯಸ್ಸಿನಲ್ಲಿ ಕಲಿಕೆಯನ್ನು ಆರಂಭಿಸುವುದು ವಾಡಿಕೆ. ತೀವ್ರ ಅಭ್ಯಾಸಕ್ಕೂ ‘ಉಳಿಚ್ಚಿಲ್’ ಎಂಬ ಎಣ್ಣೆಯ ಅಂಗಮರ್ದನಕ್ಕೂ ಮಳೆಗಾಲವನ್ನು ಪ್ರಶಸ್ತವೆಂದು ಪರಿಗಣಿಸಲಾಗಿದೆ.

ಕಲಿಕೆಯ ಹಂತಗಳು

ಉತ್ತರದ ಸಂಪ್ರದಾಯದಲ್ಲಿ ನಾಲ್ಕು ಹಂತಗಳಿವೆ.

ಮೈತ್ತಾರಿ: ಕಾಲೆತ್ತುಗಳು, ಹೆಜ್ಜೆಗಳು ಹಾಗೂ ಆನೆ, ಸಿಂಹ, ಕುದುರೆ, ಹಂದಿ, ಹಾವು ಮೊದಲಾದ ಪ್ರಾಣಿಗಳ ಹೆಸರಿನ ನಿಲುವುಗಳ ಮೂಲಕ ದೇಹವನ್ನು ಹದಗೊಳಿಸುವ ಹಂತ.

ಕೋಲ್ತ್ತಾರಿ: ಉದ್ದ ಕೋಲು, ಗಿಡ್ಡ ಕೋಲು ಮತ್ತು ಆನೆಯ ದಂತದಂತೆ ಬಾಗಿದ ‘ಒಟ್ಟ’ ಎಂಬ ಮರದ ಆಯುಧಗಳ ಅಭ್ಯಾಸ.

ಅಂಗತ್ತಾರಿ: ಕಠಾರಿ, ಖಡ್ಗ ಮತ್ತು ಗುರಾಣಿ, ಈಟಿ ಹಾಗೂ ಬಳುಕುವ ಅಲಗಿನ ‘ಉರುಮಿ’ ಮೊದಲಾದ ಲೋಹದ ಆಯುಧಗಳ ಅಭ್ಯಾಸ.

ವೆರುಂಕೈ: ಬರಿಗೈ ಹೋರಾಟ ಮತ್ತು ಮರ್ಮಸ್ಥಾನಗಳ ಪ್ರಯೋಗ.

ಬರಿಗೈ ಹೋರಾಟವು ಕೊನೆಯಲ್ಲಿ ಬರುವುದು ಈ ಕ್ರಮದ ವೈಶಿಷ್ಟ್ಯ. ದಕ್ಷಿಣದ ಸಂಪ್ರದಾಯವು ಇದಕ್ಕೆ ಭಿನ್ನವಾಗಿದ್ದು, ಅಲ್ಲಿ ಬರಿಗೈ ಹೋರಾಟಕ್ಕೆ ಆರಂಭದಿಂದಲೇ ಪ್ರಾಧಾನ್ಯವಿದೆ.

ತಿಳಿವಳಿಕೆ ಮತ್ತು ಸಿದ್ಧಿ

ಗುರು ಉಚ್ಚರಿಸುವ ‘ವಾಯ್ತ್ತಾರಿ’ ಎಂಬ ಮೌಖಿಕ ಆದೇಶಗಳಿಗೆ ಅನುಗುಣವಾಗಿ ಶಿಷ್ಯರು ಚಲಿಸುತ್ತಾರೆ. ವಾಯ್ತ್ತಾರಿಯನ್ನು ಕಂಠಪಾಠ ಮಾಡಬಹುದು, ಬರೆದಿಡಲೂಬಹುದು. ಆದರೆ ಪಾದದ ಮೇಲೆ ಭಾರ ಬೀಳುವ ಬಗೆ, ಉಸಿರಿನ ಗತಿ, ದೃಷ್ಟಿಯ ನೆಲೆ ಇವು ಬರಹದಲ್ಲಿ ದೊರೆಯುವಂಥವಲ್ಲ. ಗುರುವು ನೋಡಿ ತಿದ್ದುವುದರಿಂದಲೂ ಅದೇ ಅನುಕ್ರಮವನ್ನು ವರ್ಷಗಟ್ಟಲೆ ಪುನರಾವರ್ತಿಸುವುದರಿಂದಲೂ ಮಾತ್ರ ಅವು ಸಿದ್ಧಿಸುತ್ತವೆ. ಮೈತ್ತಾರಿಯಲ್ಲಿ ಉಳಿದ ದೋಷವು ಮುಂದೆ ಆಯುಧ ಹಿಡಿದಾಗ ಅಪಾಯವಾಗಿ ಪರಿಣಮಿಸುತ್ತದೆ. ಉದಾಹರಣೆಗೆ, ಉರುಮಿಯ ಚಲನೆಯಲ್ಲಿ ಲಯ ತಪ್ಪಿದರೆ ಗಾಯವಾಗುವುದು ಬೀಸಿದವನಿಗೇ. ಆದಕಾರಣ ಒಂದು ಹಂತದಲ್ಲಿ ಪಳಗದ ಶಿಷ್ಯನನ್ನು ಮುಂದಿನ ಹಂತಕ್ಕೆ ಒಯ್ಯಬಾರದೆಂಬ ನಿಯಮವು ಕೇವಲ ಶಿಸ್ತಿನ ವಿಷಯವಾಗಿರದೆ ಸುರಕ್ಷತೆಯ ವಿಷಯವೂ ಆಗಿದೆ.

ಮರ್ಮವಿದ್ಯೆ ಮತ್ತು ಚಿಕಿತ್ಸೆ

ಮರ್ಮಗಳೆಂದರೆ ಪೆಟ್ಟು ಬಿದ್ದರೆ ತೀವ್ರ ಹಾನಿಯಾಗುವ ದೇಹದ ಸ್ಥಾನಗಳು. ಸುಶ್ರುತ ಸಂಹಿತೆಯು ಇಂತಹ 107 ಸ್ಥಾನಗಳನ್ನು ಹೇಳುತ್ತದೆ. ಈ ಸ್ಥಾನಗಳ ಪಟ್ಟಿಯು ಇಂದು ಗ್ರಂಥಗಳಲ್ಲಿ ಸುಲಭವಾಗಿ ಲಭ್ಯ. ಆದರೆ ಚಲಿಸುತ್ತಿರುವ ಎದುರಾಳಿಯ ಮೇಲೆ ಅದನ್ನು ಪ್ರಯೋಗಿಸಲು ಹಿಂದಿನ ಮೂರು ಹಂತಗಳ ದೂರ ಮತ್ತು ಕಾಲದ ಅರಿವು ಅವಶ್ಯಕ. ಉತ್ತರದ ಸಂಪ್ರದಾಯದಲ್ಲಿ ಈ ವಿದ್ಯೆಯನ್ನು ವಿಶ್ವಾಸಾರ್ಹರಾದ ಹಿರಿಯ ಶಿಷ್ಯರಿಗೆ ಮಾತ್ರ ಕೊನೆಯಲ್ಲಿ ನೀಡಲಾಗುತ್ತದೆ. ಪರಂಪರಾಗತವಾಗಿ ಗುರುಕ್ಕಳ್ ಚಿಕಿತ್ಸಕನೂ ಆಗಿದ್ದು, ಅಂಗಮರ್ದನ ಮಾಡುವುದನ್ನೂ ಮುರಿದ ಮೂಳೆ ಕೂಡಿಸುವುದನ್ನೂ ಬಲ್ಲವನಾಗಿರುತ್ತಾನೆ. ಘಾಸಿಗೊಳಿಸಬಲ್ಲವನು ಗುಣಪಡಿಸಲೂ ಬಲ್ಲವನಾಗಿರಬೇಕೆಂಬುದು ಇಲ್ಲಿನ ನಿರೀಕ್ಷೆ.

ಅವನತಿ ಮತ್ತು ಪುನರುಜ್ಜೀವನ

19ನೆಯ ಶತಮಾನದ ಆರಂಭದಲ್ಲಿ ಮಲಬಾರಿನಲ್ಲಿ ಪಳಶ್ಶಿ ರಾಜನ ಪ್ರತಿರೋಧವನ್ನು ಹತ್ತಿಕ್ಕಿದ ಬ್ರಿಟಿಷರು ಆಯುಧಗಳ ಮೇಲೆ ನಿರ್ಬಂಧ ಹೇರಿದರು. ಇದರಿಂದ ಕಳರಿಗಳು ಕ್ಷೀಣಿಸಿದವು. ಅಳಿದುಳಿದ ವಿದ್ಯೆಯನ್ನು ಸಂಗ್ರಹಿಸಿ ಕಲಿಸಿದವರಲ್ಲಿ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ ಪ್ರಮುಖರು. ಅವರ ಶಿಷ್ಯ ಸಿ. ವಿ. ನಾರಾಯಣನ್ ನಾಯರ್ ಈ ಕಲೆಯನ್ನು ಸಾರ್ವಜನಿಕ ಪ್ರದರ್ಶನಗಳ ಮೂಲಕ ಜನರ ಮುಂದೆ ತಂದರು. ವಡಗರದಲ್ಲಿ ದಶಕಗಳಿಂದ ಕಲಿಸುತ್ತ ಬಂದಿರುವ ಮೀನಾಕ್ಷಿ ಅಮ್ಮ ಅವರಿಗೆ 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು.

ಪ್ರದರ್ಶನ, ಸ್ಪರ್ಧೆ ಮತ್ತು ಟೀಕೆಗಳು

ಇಂದು ಕಳರಿಪಯಟ್ಟು ಪ್ರವಾಸಿಗರ ಪ್ರದರ್ಶನಗಳಲ್ಲಿ, ಚಲನಚಿತ್ರಗಳಲ್ಲಿ ಮತ್ತು ರಂಗಭೂಮಿಯಲ್ಲಿ ಬಳಕೆಯಲ್ಲಿದೆ. ಬೆಂಗಳೂರಿನ ಆಟ್ಟಕ್ಕಳರಿ ಸಂಸ್ಥೆಯು ಸಮಕಾಲೀನ ನೃತ್ಯದ ತರಬೇತಿಯಲ್ಲಿ ಇದನ್ನು ಅಳವಡಿಸಿಕೊಂಡಿದೆ. 2020ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯವು ಇದನ್ನು ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಸೇರಿಸಿತು. ಇವುಗಳಿಂದ ಕಲೆಗೆ ಜೀವನೋಪಾಯವೂ ಹೊಸ ವಿದ್ಯಾರ್ಥಿಗಳೂ ದೊರೆತಿರುವುದು ನಿಜ. ಆದರೆ ನೋಡುಗರನ್ನು ಸೆಳೆಯುವ ಜಿಗಿತ ಮತ್ತು ಕಿಡಿ ಹಾರುವ ಖಡ್ಗಯುದ್ಧಗಳಿಗೆ ಒತ್ತು ಬಿದ್ದು, ಕಣ್ಣಿಗೆ ಕಾಣದ ಹೆಜ್ಜೆಯ ಸಾಧನೆ ಹಿಂದೆ ಸರಿಯುತ್ತದೆ ಎಂಬ ಆಕ್ಷೇಪವಿದೆ.

ಸಾಂಪ್ರದಾಯಿಕ ಕ್ರಮವೂ ಟೀಕೆಗೆ ಹೊರತಲ್ಲ. ಜೋಡಿ ಅಭ್ಯಾಸಗಳು ಹೆಚ್ಚಾಗಿ ಪೂರ್ವನಿಶ್ಚಿತವಾಗಿದ್ದು, ಪ್ರತಿರೋಧ ಒಡ್ಡುವ ಎದುರಾಳಿಯ ಮುಂದೆ ಕೌಶಲವನ್ನು ಪರೀಕ್ಷಿಸುವ ಅವಕಾಶ ಕಡಿಮೆ. ಮರ್ಮವಿದ್ಯೆಯ ಗೋಪ್ಯತೆಯು ದುರುಪಯೋಗವನ್ನು ತಡೆಯುತ್ತದೆಯಾದರೂ, ಯೋಗ್ಯ ಶಿಷ್ಯನಿಲ್ಲದೆ ಗುರು ತೀರಿಕೊಂಡರೆ ವಿದ್ಯೆಯೂ ಅವನೊಂದಿಗೆ ಅಳಿಯುತ್ತದೆ. ಅದೇ ಗೋಪ್ಯತೆಯ ಮರೆಯಲ್ಲಿ ಅರೆಬರೆ ಕಲಿತವರು ಮಾಡುವ ಉತ್ಪ್ರೇಕ್ಷಿತ ಹೇಳಿಕೆಗಳನ್ನು ಪರಿಶೀಲಿಸುವುದೂ ಕಷ್ಟವಾಗುತ್ತದೆ.